ನಲವತ್ತೆಂಟು ಮಂದಿ ಎಲ್ಲಿ ಹೋದರು?

ಶಿವಾರ್ಯರ ‘ಭಗವತೀ ಆರಾಧನಾ’ ಗ್ರಂಥದಲ್ಲಿ ಒಂದು ಲೆಕ್ಕವಿದೆ. ಸಲ್ಲೇಖನವನ್ನು ಕೈಕೊಂಡ ಒಬ್ಬ ಕ್ಷಪಕನ ಸೇವೆಗೆ ನಲವತ್ತೆಂಟು ಮಂದಿ ನಿರ್ಯಾಪಕರು ನಿಲ್ಲಬೇಕೆಂಬ ಲೆಕ್ಕ ಅದು. ನಾಲ್ವರು ಅವನನ್ನು ಎತ್ತಿ ಕೂರಿಸಲು, ಮಗ್ಗುಲು ಹೊರಳಿಸಲು. ನಾಲ್ವರು ಧರ್ಮಕಥೆ ಹೇಳಲು. ನಾಲ್ವರು ಆಹಾರದ ವ್ಯವಸ್ಥೆಗೆ, ನಾಲ್ವರು ಪಾನದ ವ್ಯವಸ್ಥೆಗೆ, ಮತ್ತೆ ನಾಲ್ವರು ಅವೆರಡನ್ನೂ ಕಾಯಲು. ನಾಲ್ವರು ಮಲಮೂತ್ರಗಳನ್ನು ತೆಗೆದು ಹಾಸಿಗೆಯನ್ನು ಶುಚಿಗೊಳಿಸಲು. ನಾಲ್ವರು ರಾತ್ರಿಯಿಡೀ ಎಚ್ಚರವಾಗಿರಲು. ಬಾಗಿಲು ಕಾಯುವವರು, ನೋಡಬಂದ ಜನರನ್ನು ಹೊರಗೇ ಕೂರಿಸಿ ಮಾತನಾಡಿಸುವವರು, ಆ ನಾಡಿನ ಆಗುಹೋಗುಗಳನ್ನು ವಿಚಾರಿಸಿಕೊಂಡು ಬರುವವರು ಕೂಡ ಈ ಎಣಿಕೆಯಲ್ಲಿ ಸೇರಿದ್ದಾರೆ. ಮಲಮೂತ್ರ ತೆಗೆಯುವ ಕಾರ್ಯವನ್ನೂ ಧರ್ಮಕಥೆ ಹೇಳುವ ಕಾರ್ಯವನ್ನೂ ಆಚಾರ್ಯರು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಇಬ್ಬರಿಗೂ ನಿರ್ಯಾಪಕರೆಂಬ ಒಂದೇ ಹೆಸರು.

ಅಷ್ಟು ಜನರು ದೊರೆಯದ ಕಾಲದಲ್ಲಿ ಏನು ಗತಿ? ನಾಲ್ಕು ನಾಲ್ಕಾಗಿ ಕಡಿಮೆ ಮಾಡುತ್ತ ಬರಬಹುದು. ಕಡೆಗೆ ಇಬ್ಬರಾದರೂ ಇರಲೇಬೇಕು. ಒಬ್ಬನೇ ನಿರ್ಯಾಪಕನಿರುವುದು ಸರ್ವಥಾ ಸಲ್ಲದು. ಅದಕ್ಕೆ ಕೊಟ್ಟ ಕಾರಣ ಇಂದಿಗೂ ಬೆರಗು ಹುಟ್ಟಿಸುವಂಥದು. ಒಬ್ಬನೇ ಇದ್ದರೆ, ಅವನು ಆಹಾರಕ್ಕೆಂದು ಹೊರಟಾಗ ಕ್ಷಪಕನು ಅನಾಥನಾಗುತ್ತಾನೆ. ಹೊರಡದೆ ಕುಳಿತರೆ ಸೇವೆ ಮಾಡುವವನೇ ನಿರಾಹಾರನಾಗಿ ಕುಸಿಯುತ್ತಾನೆ. ಒಂದೋ ಆತ್ಮತ್ಯಾಗ, ಇಲ್ಲವೇ ಕ್ಷಪಕತ್ಯಾಗ, ಎರಡೂ ದೋಷವೇ. ರೋಗಿಯ ಬಳಿ ಕುಳಿತವನಿಗೂ ಹಸಿವೆಯಿದೆ, ನಿದ್ರೆಯಿದೆ ಎಂಬುದನ್ನು ಆ ಪ್ರಾಚೀನ ಗ್ರಂಥವು ಅರಿತಿತ್ತು.

ಈ ಗ್ರಂಥದ ಪರಂಪರೆಯಿಂದಲೇ ಕನ್ನಡದ ‘ವಡ್ಡಾರಾಧನೆ’ ಹುಟ್ಟಿತೆಂದು ಹೆಮ್ಮೆಪಡುವ ಜೈನ ಸಮಾಜವು ಆ ಲೆಕ್ಕವನ್ನು ಮಾತ್ರ ಮರೆತಿದೆ. ಇಂದು ಶ್ರಾವಕನ ಮನೆಯಲ್ಲಿ ಕ್ಯಾನ್ಸರ್ ರೋಗಿಯೊಬ್ಬನಿದ್ದರೆ ಅವನ ಬಳಿ ಇರುವ ನಿರ್ಯಾಪಕರ ಸಂಖ್ಯೆ ಒಂದು. ಅದೂ ಬಹುಮಟ್ಟಿಗೆ ಹೆಂಡತಿ, ಇಲ್ಲವೇ ಸೊಸೆ. ರೋಗಿಯು ಹೆಂಗಸೇ ಆಗಿದ್ದರೆ ಆ ಒಂದೂ ಖಾತ್ರಿಯಿಲ್ಲ.

ರಾಣೆಬೆನ್ನೂರು ತಾಲೂಕಿನ ಐರಣಿಯನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳಬಹುದು. ತುಂಗಭದ್ರೆಯ ದಂಡೆಯ, ಹಳೆಯ ಕೋಟೆಯ ಊರು. ಇಂಥ ಊರಿನ ಶ್ರಾವಕ ಕುಟುಂಬವೊಂದರಲ್ಲಿ ಯಜಮಾನನ ಬಾಯಿಯಲ್ಲಿ ಮಾಯದ ಹುಣ್ಣು ಕಾಣಿಸಿತೆಂದು ಭಾವಿಸಿದರೆ ಮುಂದಿನ ದಾರಿಯನ್ನು ಯಾರಾದರೂ ಹೇಳಬಹುದು. ಮೊದಲು ರಾಣೆಬೆನ್ನೂರಿನ ವೈದ್ಯರು. ಅವರು ಕೈಚೆಲ್ಲಿದ ಮೇಲೆ ದಾವಣಗೆರೆ, ಇಲ್ಲವೇ ನೂರು ಕಿಲೋಮೀಟರಿಗೂ ಮೀರಿ ದೂರದ ಹುಬ್ಬಳ್ಳಿಯ ನವನಗರದ ಕರ್ನಾಟಕ ಕ್ಯಾನ್ಸರ್ ಆಸ್ಪತ್ರೆ. ಅಲ್ಲಿಗೂ ನಿಲ್ಲದಿದ್ದರೆ ಸುಮಾರು 300 ಕಿಲೋಮೀಟರ್ ಆಚೆಯ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಬಾಯಿಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನದಂತೆ ಆರು ಏಳು ವಾರ. ಒಂದೊಂದು ದಿನದ ಚಿಕಿತ್ಸೆಯು ಕೆಲವೇ ನಿಮಿಷಗಳದ್ದು. ಆ ಕೆಲವು ನಿಮಿಷಗಳಿಗಾಗಿ ಇಡೀ ದಿನ ಕಾಯಬೇಕು. ದಿನವೂ ಐರಣಿಯಿಂದ ನವನಗರಕ್ಕೆ ಹೋಗಿಬರುವುದು ಆರೋಗ್ಯವಂತನಿಗೇ ಆಗದ ಮಾತು. ಆದ್ದರಿಂದ ಊರು ಬಿಟ್ಟು ಅಲ್ಲಿಯೇ ಇರಬೇಕು. ಎಲ್ಲಿ ಇರಬೇಕು? ಯಾರ ಜೊತೆ ಇರಬೇಕು? ಅಷ್ಟು ದಿನ ಹೊಲ ಯಾರದು, ಅಂಗಡಿಯ ಬಾಗಿಲು ತೆಗೆಯುವವರು ಯಾರು, ಮಕ್ಕಳ ಶಾಲೆಯ ಗತಿಯೇನು?

ಮೂರನೆಯ ವಾರಕ್ಕೆ ಬಾಯೊಳಗೆಲ್ಲ ಹುಣ್ಣೆದ್ದು ನುಂಗಲು ಆಗುವುದಿಲ್ಲ. ಮೊಟ್ಟೆ ತಿನ್ನಿಸಿರಿ ಎಂದು ಸಲಹೆ ಬರುತ್ತದೆ. ಅದನ್ನು ಒಲ್ಲೆನೆಂದು ಹೇಳಲು ಸಂಕೋಚ. ಹೇಳಿದ ಮೇಲೆ ಬದಲಿಗೆ ಹಾಲು, ಮೊಸರು, ಬೇಳೆಯ ಕಟ್ಟು, ನುಣ್ಣಗೆ ಅರೆದ ಶೇಂಗಾ, ಪನೀರುಗಳಿಂದ ಆ ಪೌಷ್ಟಿಕಾಂಶವನ್ನು ಹೇಗೆ ಒದಗಿಸಬಹುದೆಂದು ತಿಳಿಸುವವರಿಲ್ಲ. ಯಂತ್ರದ ಸರದಿ ಸಂಜೆಗೆ ಬಂದರೆ ಸೂರ್ಯಾಸ್ತದೊಳಗಿನ ಊಟ ತಪ್ಪುತ್ತದೆ. ಇಪ್ಪತ್ತು ವರ್ಷ ನಡೆಸಿಕೊಂಡು ಬಂದ ವ್ರತ ಭಂಗವಾಯಿತೆಂದು ರೋಗಿಯು ರೋಗಕ್ಕಿಂತ ಹೆಚ್ಚು ಅದಕ್ಕೇ ಕೊರಗುತ್ತಾನೆ. ಆಗ ಪಕ್ಕದಲ್ಲಿ ಕುಳಿತು, ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿತಃ’ ಎಂಬ ವಿಶೇಷಣವನ್ನು ಹಿರಿಯರು ಸುಮ್ಮನೆ ಸೇರಿಸಲಿಲ್ಲ, ಶಕ್ತಿಯಿದ್ದಷ್ಟೇ ಸಾಕು ಎಂದು ಹೇಳಬಲ್ಲ ಒಬ್ಬ ತಿಳಿದ ಶ್ರಾವಕನಿದ್ದರೆ ಅದಕ್ಕಿಂತ ದೊಡ್ಡ ಔಷಧವಿಲ್ಲ. ಅವನು ಇಲ್ಲ. ಅವನು ಪಂಚಕಲ್ಯಾಣದ ಸಭೆಯಲ್ಲಿದ್ದಾನೆ.

ಜೈನ ಸಮಾಜ ದಾನಬುದ್ಧಿಯನ್ನು ಕಳೆದುಕೊಂಡಿದೆ ಎನ್ನುವಂತಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನದ ಮಾತು ಮಕ್ಕಳ ಬಾಯಲ್ಲೂ ಇದೆ. ಇದೇ ಸೀಮೆಗೆ ಹತ್ತಿರದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯು ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದನ್ನು ಹೇಳದ ಉಪನ್ಯಾಸವಿಲ್ಲ. ಧರ್ಮಸ್ಥಳದ ಹೆಗ್ಗಡೆ ಮನೆತನದವರ ಆಶ್ರಯದಲ್ಲಿ ಧಾರವಾಡದ ಸತ್ತೂರಿನಲ್ಲಿ 2003ರಲ್ಲಿ ವೈದ್ಯಕೀಯ ಕಾಲೇಜೇ ಆರಂಭವಾಯಿತು. ಜಯಪುರದಲ್ಲಿ ಭಗವಾನ್ ಮಹಾವೀರರ ಹೆಸರಿನಲ್ಲಿ ಕ್ಯಾನ್ಸರ್ ಆಸ್ಪತ್ರೆಯೇ ಇದೆ. ಕಟ್ಟಡ ಕಟ್ಟುವುದರಲ್ಲಿ, ಚೆಕ್ಕು ಬರೆಯುವುದರಲ್ಲಿ ಈ ಸಮಾಜ ಹಿಂದೆ ಬಿದ್ದಿಲ್ಲ. ಹಿಂದೆ ಬಿದ್ದಿರುವುದು ರೋಗಿಯ ಹಾಸಿಗೆಯ ಪಕ್ಕಕ್ಕೆ ಒಂದು ಚಾಪೆ ಎಳೆದುಕೊಂಡು ಕೂರುವುದರಲ್ಲಿ. ಶಾಸ್ತ್ರವು ಮೊದಲನೆಯದನ್ನು ದಾನವೆಂದು ಕರೆದು, ಎರಡನೆಯದನ್ನು ತಪಸ್ಸೆಂದು ಕರೆದಿದೆ. ಪ್ರಾಯಶ್ಚಿತ್ತ, ವಿನಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳೊಂದಿಗೆ ವೈಯಾವೃತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ಯಾರಿಗೆ ವೈಯಾವೃತ್ಯ ಸಲ್ಲಬೇಕೆಂದು ತತ್ತ್ವಾರ್ಥಸೂತ್ರವು ಎಣಿಸಿದ ಹತ್ತು ಮಂದಿಯಲ್ಲಿ ಆಚಾರ್ಯ, ಉಪಾಧ್ಯಾಯರ ಜೊತೆಗೆ ‘ಗ್ಲಾನ’, ಅಂದರೆ ರೋಗಿ, ತಾನೂ ಒಬ್ಬನಾಗಿ ನಿಂತಿದ್ದಾನೆ. ಈ ಪಟ್ಟಿ ಮುನಿಸಂಘಕ್ಕೆ ಸಂಬಂಧಿಸಿದ್ದು, ಗೃಹಸ್ಥರಿಗಲ್ಲ ಎಂದು ವಾದಿಸುವವರು ಉಂಟು. ಮುನಿಗಳ ಪರೀಷಹವನ್ನು ಗೃಹಸ್ಥ ರೋಗಿಗೆ ಉಪದೇಶಿಸುವಾಗ ಈ ಭೇದವು ಅವರಿಗೆ ನೆನಪಾಗುವುದಿಲ್ಲವೆಂಬುದೇ ಸೋಜಿಗ.

ಉಪದೇಶದ ವಿಷಯ ಬಂದುದರಿಂದ ಅದನ್ನೇ ಮೊದಲು ಹೇಳಬೇಕು. ಕ್ಯಾನ್ಸರ್ ರೋಗಿಯ ಮನೆಗೆ ಬರುವ ಬಂಧುಗಳು ತಪ್ಪದೆ ತರುವ ಕಾಣಿಕೆಯೆಂದರೆ ‘ಎಲ್ಲ ಪೂರ್ವಜನ್ಮದ ಕರ್ಮ’ ಎಂಬ ಮಾತು. ಎರಡು ಬಾಳೆಹಣ್ಣು, ಜೊತೆಗೆ ಈ ಮಾತು. ಅಸಾತಾವೇದನೀಯ ಕರ್ಮದ ಉದಯದಿಂದ ದುಃಖವೆಂಬುದು ಸಿದ್ಧಾಂತವೇ ಸರಿ. ಆದರೆ ಆ ಅಸಾತಾವೇದನೀಯವು ಹೇಗೆ ಬಂಧವಾಗುತ್ತದೆಂದು ಅದೇ ತತ್ತ್ವಾರ್ಥಸೂತ್ರವನ್ನು ತೆರೆದು ನೋಡಬೇಕು. ತನ್ನಲ್ಲಾಗಲಿ ಪರರಲ್ಲಾಗಲಿ ದುಃಖ, ಶೋಕ, ತಾಪ, ಆಕ್ರಂದನಗಳನ್ನು ಉಂಟುಮಾಡುವುದರಿಂದ! ಐವತ್ತರ ಗೃಹಿಣಿಯೊಬ್ಬಳು ಸ್ತನದ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದು ಮಲಗಿರುವಾಗ ಅವಳ ಎದುರಿಗೆ ಕುಳಿತು ಹೋದ ಜನ್ಮದಲ್ಲಿ ಅವಳೇನು ಪಾಪ ಮಾಡಿದ್ದಳೋ ಎಂದು ನಿಟ್ಟುಸಿರಿಡುವವನು ಅವಳ ಕರ್ಮದ ವಿಚಾರ ಮಾತನಾಡುತ್ತ ತನ್ನ ಕರ್ಮವನ್ನು ಕಟ್ಟಿಕೊಂಡು ಎದ್ದು ಹೋಗುತ್ತಾನೆ. ಕರ್ಮಸಿದ್ಧಾಂತವು ಪ್ರತಿಯೊಬ್ಬನೂ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು ಇರುವುದು. ಎದುರಿಗಿನವನ ಹುಣ್ಣಿಗೆ ಒತ್ತಲು ಇರುವ ಬೆರಳಲ್ಲ.

ಇದರ ಬೆನ್ನಿಗೇ ಸನತ್ಕುಮಾರ ಚಕ್ರವರ್ತಿಯ ಕಥೆ ಬರುತ್ತದೆ. ವೈದ್ಯರ ವೇಷದಲ್ಲಿ ಬಂದ ದೇವರನ್ನು ಆ ಮುನಿ ತಿರಸ್ಕರಿಸಿದನು, ಭವರೋಗಕ್ಕೆ ಮದ್ದು ಇದ್ದರೆ ಕೊಡಿರೆಂದನು, ಆದ್ದರಿಂದ ನೀವೂ ಸಹಿಸಿಕೊಳ್ಳಿರಿ ಎಂದು. ಸನತ್ಕುಮಾರನು ಷಟ್ಖಂಡ ಮಂಡಲವನ್ನು ಬಿಟ್ಟು ದೀಕ್ಷೆ ಪಡೆದವನು, ಸ್ವೇಚ್ಛೆಯಿಂದ ಸಹಿಸಿದವನು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಗುಮಾಸ್ತಿಕೆ ಮಾಡುತ್ತ ಮೂವರು ಮಕ್ಕಳನ್ನು ಸಾಕುವ ಗೃಹಸ್ಥನಿಗೆ ಆ ಆದರ್ಶವನ್ನು ಕಟ್ಟುವುದು ಕಥೆಗೂ ಅನ್ಯಾಯ, ಗೃಹಸ್ಥನಿಗೂ ಅನ್ಯಾಯ. ಹೇಳಲೇಬೇಕೆಂದಿದ್ದರೆ ಸಮ್ಯಗ್ದರ್ಶನದ ನಿರ್ವಿಚಿಕಿತ್ಸಾ ಅಂಗಕ್ಕೆ ಸಮಂತಭದ್ರರು ಹೆಸರಿಸಿದ ಉದ್ದಾಯನ ಮಹಾರಾಜನ ಕಥೆ ಹೇಳಲಿ. ಪರೀಕ್ಷಿಸಲೆಂದು ದೇವನು ಕುಷ್ಠದ ಮುನಿಯ ವೇಷದಲ್ಲಿ ಬಂದು, ಉಂಡ ಅನ್ನವನ್ನೆಲ್ಲ ಅಲ್ಲಿಯೇ ದುರ್ಗಂಧ ಬರುವಂತೆ ವಾಂತಿ ಮಾಡಿದನು. ಪರಿವಾರದವರು ಮೂಗು ಮುಚ್ಚಿಕೊಂಡು ಓಡಿದರು. ಅರಸ ಮತ್ತು ರಾಣಿ ಪ್ರಭಾವತಿ ಮಾತ್ರ ನಿಂತರು. ವಾಂತಿಯು ರಾಣಿಯ ಮೈಮೇಲೂ ಆಯಿತು. ಆಗ ಅರಸನು ಮಾಡಿದ್ದೇನು? ಕೊಟ್ಟ ಆಹಾರದಲ್ಲಿ ತನ್ನದೇ ಏನೋ ದೋಷವಿರಬೇಕೆಂದು ಮರುಗಿ, ನೀರು ತಂದು ಮುನಿಯ ಮೈ ತೊಳೆದನು. ಕಥೆಯಲ್ಲಿ ಓಡಿಹೋದ ಪರಿವಾರದವರಿಗೆ ಹೆಸರಿಲ್ಲ.

ಓಡುವುದಕ್ಕೆ ಇಂದು ಕಾರಣವೂ ಇಲ್ಲ. ಕ್ಯಾನ್ಸರ್ ಮುಟ್ಟಿದರೆ ಬರುವ ರೋಗವಲ್ಲ; ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ರೋಗಿಯ ಬಟ್ಟೆ ಒಗೆದರೆ ಹರಡುವುದಿಲ್ಲ. ಆದರೂ ಸುಶಿಕ್ಷಿತರ ಮನೆಗಳಲ್ಲಿಯೇ ರೋಗಿಯ ಲೋಟ ಬೇರೆ, ತಟ್ಟೆ ಬೇರೆ. ಬಸದಿಗೆ ಬಂದ ಹೆಂಗಸಿನ ತಲೆಯ ಕೂದಲು ಕೀಮೋ ಔಷಧದಿಂದ ಉದುರಿದ್ದರೆ ಉಳಿದವರು ಮುಖ ತಿರುಗಿಸುತ್ತಾರೆ. ಕೇಶಲೋಚದ ದಿನ ಮೆರವಣಿಗೆ ಮಾಡಿ, ವಾದ್ಯ ತರಿಸಿ, ಕೈ ಮುಗಿದು ನಿಲ್ಲುವ ಜನವೇ ಇದು.

ಹೆಣ್ಣುಮಕ್ಕಳ ಮನೆಗಳಲ್ಲಿ ರೋಗವನ್ನು ಮುಚ್ಚಿಡುವುದು ಇನ್ನೊಂದು ಪೀಡೆ. ತಾಯಿಗೆ ಕ್ಯಾನ್ಸರ್ ಎಂದು ತಿಳಿದರೆ ಮಗಳಿಗೆ ಸಂಬಂಧ ಬರುವುದಿಲ್ಲವೆಂಬ ಭಯದಿಂದ ತಾಯಿಯು ಗಂಟನ್ನು ತಿಂಗಳುಗಟ್ಟಲೆ ಸೆರಗಿನಲ್ಲಿ ಅಡಗಿಸುತ್ತಾಳೆ. ಗಂಡನಿಗೂ ಹೇಳುವುದಿಲ್ಲ. ಬಲವಾದ ಅನುವಂಶೀಯತೆಯಿಂದ ಬರುವ ಕ್ಯಾನ್ಸರ್ ನೂರರಲ್ಲಿ ಐದರಿಂದ ಹತ್ತರಷ್ಟು ಮಾತ್ರ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಸ್ತನ, ಗರ್ಭಕೊರಳು, ಬಾಯಿಯ ಕ್ಯಾನ್ಸರುಗಳು ಮೊದಲ ಹಂತದಲ್ಲಿ ಸಿಕ್ಕಿದರೆ ಬಹುಪಾಲು ಗುಣವಾಗುತ್ತವೆ. ವಧೂವರರ ಮಾಹಿತಿ ಸಂಗ್ರಹಿಸುವ ಸಮಾವೇಶಗಳಿಗೆ ಹಾಕುವ ಪೆಂಡಾಲಿನಲ್ಲಿಯೇ ಒಂದು ದಿನ ತಪಾಸಣೆಯ ಏರ್ಪಾಡು ಮಾಡಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. (ಅಡಕೆ ಮತ್ತು ತಂಬಾಕಿನ ಮಾತನ್ನೂ ಅಲ್ಲಿಯೇ ಆಡಬಹುದು. ಅಡಕೆಯನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಮಂಡಲಿಯು 2004ರಲ್ಲಿ ನಿರ್ಣಯಿಸಿತು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿ ನಿಷೇಧವಾಯಿತು. ಕಂದಮೂಲವನ್ನು ಬಿಟ್ಟ ಬಾಯಲ್ಲಿ ಇವು ಹೇಗೆ ಉಳಿದವೋ, ಮಾರುವವರ ಅಂಗಡಿಯ ದೇಣಿಗೆಯನ್ನು ಬಸದಿಗಳು ಹೇಗೆ ಸ್ವೀಕರಿಸುತ್ತವೋ, ಅದು ಬೇರೆ ಲೇಖನದ ವಿಷಯ.)

ಎಲ್ಲಕ್ಕಿಂತ ಗಂಭೀರವಾದ ಸಂಗತಿ ಸಲ್ಲೇಖನದ್ದು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಾಗ ದೇಶದ ಜೈನರೆಲ್ಲ ಬೀದಿಗಿಳಿದರು; ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಸಮಾಜದ ಪ್ರತಿಭಟನೆ ಯುಕ್ತವಾಗಿಯೇ ಇತ್ತು. ಚಂದ್ರಗಿರಿಯ ನಿಷಿಧಿ ಶಾಸನಗಳನ್ನು ಬಲ್ಲವರು ಈ ವ್ರತವನ್ನು ಹಗುರವಾಗಿ ಕಾಣಲಾರರು. ಆದರೆ ಹೊರಗಿನವರ ಆಕ್ಷೇಪಕ್ಕೆ ಉತ್ತರ ಕೊಟ್ಟ ಬಾಯಿ ಒಳಗಿನ ದುರ್ಬಳಕೆಯ ಬಗ್ಗೆಯೂ ತೆರೆಯಬೇಕು. ಚಿಕಿತ್ಸೆಯ ಖರ್ಚು ಏರಿದಾಗ, ನೋಡಿಕೊಳ್ಳುವವರು ದಣಿದಾಗ, ಮುದುಕಿಯ ಹಾಸಿಗೆಯ ಬಳಿ ನಿಂತು ‘ಇನ್ನೇಕೆ ಔಷಧ, ಸಲ್ಲೇಖನ ಒಪ್ಪಿಕೊಂಡರೆ ಎರಡೂ ಕುಲಕ್ಕೆ ಕೀರ್ತಿ’ ಎಂದು ಪಿಸುಗುಡುವುದು ಧರ್ಮಪ್ರಭಾವನೆಯಾಗಲಾರದು. ನಿರುಪಾಯದಿಂದ ಒಪ್ಪಿಕೊಂಡದ್ದು ವ್ರತವಲ್ಲ. ಅನಾಥವಾದ ಸಾವಿಗೆ ಹೊದಿಸಿದ ಬಿಳಿಯ ಬಟ್ಟೆ.

ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಸಲ್ಲೇಖನವನ್ನು ಹೇಳಿದ ಸಮಂತಭದ್ರರು ಅವು ‘ನಿಷ್ಪ್ರತೀಕಾರ’ವಾಗಿರಬೇಕೆಂದು, ಅಂದರೆ ಪರಿಹಾರವೇ ಇಲ್ಲದವಾಗಿರಬೇಕೆಂದು ‘ರತ್ನಕರಂಡಕ’ದಲ್ಲಿ ನಿಯಮ ಹಾಕಿದ್ದಾರೆ. ಆ ಮಾತನ್ನು ಅವರು ಬರಿದೇ ಬರೆದಿರಲಾರರು. ಭಸ್ಮಕವ್ಯಾಧಿಯಿಂದ ಪೀಡಿತರಾಗಿ ಅವರೇ ಗುರುಗಳಲ್ಲಿ ಸಲ್ಲೇಖನವನ್ನು ಬೇಡಿದ್ದರೆಂದೂ, ಗುರುಗಳು ನಿರಾಕರಿಸಿ ‘ಮೊದಲು ರೋಗವನ್ನು ಕಳೆದುಕೋ’ ಎಂದು ಕಳುಹಿಸಿದರೆಂದೂ, ಮುನಿವೇಷವನ್ನೇ ಇಳಿಸಿ, ಅರಸನೊಬ್ಬನ ಶಿವಾಲಯದ ನೈವೇದ್ಯವನ್ನು ಉಂಡು ಗುಣಹೊಂದಿ ಮತ್ತೆ ದೀಕ್ಷೆ ಪಡೆದರೆಂದೂ ಪರಂಪರೆ ಹೇಳುತ್ತದೆ. ದೇವಚಂದ್ರನ ‘ರಾಜಾವಳೀಕಥೆ’ಯಲ್ಲಿ ಈ ವೃತ್ತಾಂತವಿದೆ. ಮಹಾಮುನಿಗೇ ಗುರುವು ಚಿಕಿತ್ಸೆಯನ್ನು ಮೊದಲು ವಿಧಿಸಿದನಾದರೆ, ಐರಣಿಯ ಗೃಹಸ್ಥನಿಗೆ ಅದನ್ನು ನಿರಾಕರಿಸುವ ಅಧಿಕಾರ ಯಾರಿಗಿದೆ? ಅವನ ರೋಗವು ನಿಷ್ಪ್ರತೀಕಾರವೆಂದು ನಿರ್ಣಯಿಸಬೇಕಾದವರು ಚಿಕಿತ್ಸೆ ಬಲ್ಲ ವೈದ್ಯರು. ವ್ರತ ಬೇಕೆಂದು ನಿರ್ಣಯಿಸಬೇಕಾದವನು ರೋಗಿಯೊಬ್ಬನೇ. ಚಿಕ್ಕಪ್ಪನ ಮಗನಿಗೆ ಎರಡರಲ್ಲಿಯೂ ಪಾಲಿಲ್ಲ.

ಗುಣವಾಗದ ಹಂತದಲ್ಲಿಯೂ ಮಾಡಬೇಕಾದ್ದು ಬಹಳವಿದೆ. ಆ ಹಂತದ ನೋವಿಗೆ ಮಾರ್ಫಿನ್ ಮಾತ್ರೆಗಿಂತ ಸುಲಭವೂ ಅಗ್ಗವೂ ಆದ ಔಷಧ ಇನ್ನೂ ಬಂದಿಲ್ಲ. 1985ರ ಮಾದಕದ್ರವ್ಯ ಕಾಯಿದೆಯ ಬಿಗಿಯಿಂದಾಗಿ ಅದು ವರ್ಷಗಟ್ಟಲೆ ರೋಗಿಗಳ ಕೈಗೆಟುಕದೆ ಹೋಯಿತು. 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ದೊರೆಯುವುದು ಸುಲಭವಾಗಿದೆ. ಅದು ಗಸಗಸೆ ಗಿಡದ ಹಾಲಿನಿಂದ ಬರುವ ಔಷಧ. ಜೈನ ಮನೆಗಳಲ್ಲಿ ಅದಕ್ಕೆ ಅಡ್ಡಬರುವುದು ಕಾಯಿದೆಯಲ್ಲ, ‘ಅಮಲು ಪದಾರ್ಥ’ವೆಂಬ ಶಂಕೆ ಹಾಗೂ ನೋವನ್ನು ಸಹಿಸಿದರೆ ನಿರ್ಜರೆಯಾಗುವುದೆಂಬ ಪಕ್ಕದವರ ಬೋಧೆ. ವೈದ್ಯರು ಅಳೆದು ಕೊಟ್ಟ ಪ್ರಮಾಣವು ಸುಖಕ್ಕಾಗಿ ಸೇವಿಸಿದ ಅಮಲಲ್ಲ. ಇನ್ನು ನಿರ್ಜರೆಯ ಮಾತು: ತಡೆಯಲಾಗದ ವೇದನೆಯಲ್ಲಿ ಸಾಮಾನ್ಯ ಜೀವಕ್ಕೆ ಉಂಟಾಗುವುದು ಆರ್ತಧ್ಯಾನವೇ. ವೇದನಾಜನ್ಯ ಆರ್ತವೆಂದು ಅದಕ್ಕೆ ಶಾಸ್ತ್ರದಲ್ಲಿ ಪ್ರತ್ಯೇಕ ಹೆಸರೇ ಇದೆ. ನೋವು ಇಳಿದಾಗ ಮಾತ್ರ ರೋಗಿಗೆ ಣಮೋಕಾರ ಮಂತ್ರ ಕಿವಿಗೆ ಬೀಳುತ್ತದೆ, ಮಕ್ಕಳ ಮುಖ ಕಣ್ಣಿಗೆ ಬೀಳುತ್ತದೆ. ಅವನ ಸಮಾಧಿಮರಣದ ಹಿತವನ್ನು ಬಯಸುವವರು ಮೊದಲು ಅವನಿಗೆ ನಿದ್ರೆ ಬರುವಂತೆ ಮಾಡಬೇಕು.

ಇದನ್ನೆಲ್ಲ ಮಾಡಲು ಸಾಧ್ಯವೇ ಎಂದು ಕೇಳುವವರು ನೆರೆಯ ಕೇರಳವನ್ನು ನೋಡಬಹುದು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಸೇರಿ ನೋವು ಮತ್ತು ಉಪಶಮನ ಆರೈಕೆಯ ಸಂಘವನ್ನು ಕಟ್ಟಿದರು. ಅದು ಆಸ್ಪತ್ರೆಯಲ್ಲಿಯೇ ಉಳಿಯಲಿಲ್ಲ. ಶಿಕ್ಷಕರು, ಅಂಗಡಿಯವರು, ಗೃಹಿಣಿಯರು, ವಿದ್ಯಾರ್ಥಿಗಳು ತರಬೇತಿ ಪಡೆದು, ವಾರಕ್ಕೆ ಕೆಲವು ಗಂಟೆ ತಮ್ಮ ನೆರೆಯ ರೋಗಿಯ ಮನೆಗೆ ಹೋಗುವ ಪದ್ಧತಿ ಊರೂರಿಗೆ ಬೆಳೆಯಿತು. ಹಣವೂ ಆಯಾ ಊರಿನ ಚಿಲ್ಲರೆ ಕಾಣಿಕೆಗಳಿಂದಲೇ ಕೂಡಿತು. ಕೊನೆಗೆ 2008ರಲ್ಲಿ ಆ ರಾಜ್ಯ ಸರ್ಕಾರವೇ ಉಪಶಮನ ಆರೈಕೆಯ ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ಟ್ರಸ್ಟೊಂದು 1999ರಲ್ಲಿ ‘ಕರುಣಾಶ್ರಯ’ವನ್ನು ತೆರೆದು, ಚಿಕಿತ್ಸೆಯ ಹಂತ ಮೀರಿದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿಯನ್ನೂ ಪಡೆಯದೆ ನೋಡಿಕೊಳ್ಳುತ್ತ ಬಂದಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಎದುರಿನ ಕಾಲುದಾರಿಯಲ್ಲಿ ಮಲಗುವ ರೋಗಿಗಳನ್ನೂ ಅವರ ಜೊತೆಯವರನ್ನೂ ಕಂಡು ಹರಖ್‌ಚಂದ್ ಸಾವ್ಲಾ ಎಂಬುವರು ಅವರಿಗೆ ಊಟ ಹಾಕತೊಡಗಿದ್ದು ‘ಜೀವನ್ ಜ್ಯೋತ್’ ಎಂಬ ಟ್ರಸ್ಟಾಗಿ ಬೆಳೆದಿದೆ. ಇವರಾರೂ ನಲವತ್ತೆಂಟರ ಲೆಕ್ಕವನ್ನು ಓದಿದವರೆಂದು ತೋರುವುದಿಲ್ಲ. ಓದಿದವರು ಏನು ಮಾಡುತ್ತಿದ್ದಾರೆ?

ಲೆಕ್ಕವನ್ನೇ ಹಾಕಬಹುದು. 2011ರ ಜನಗಣತಿಯಂತೆ ಕರ್ನಾಟಕದ ಜೈನರು 4,40,280. ದೇಶದಲ್ಲಿ 2022ರಲ್ಲಿ ಸುಮಾರು 14.6 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಾಜು. ಒಟ್ಟು ಜನಸಂಖ್ಯೆಗೆ ಹಂಚಿದರೆ ಲಕ್ಷಕ್ಕೆ ನೂರರ ಆಸುಪಾಸು. ಅದೇ ಪ್ರಮಾಣವನ್ನು ಹಿಡಿದರೆ ಕರ್ನಾಟಕದ ಜೈನರಲ್ಲಿ ವರ್ಷಕ್ಕೆ ಸುಮಾರು 450 ಹೊಸ ರೋಗಿಗಳು. ಒಬ್ಬೊಬ್ಬರಿಗೆ ನಲವತ್ತೆಂಟು ಬೇಡ. ಶಾಸ್ತ್ರವು ಇದಕ್ಕಿಂತ ಕೆಳಗಿಳಿಯಕೂಡದೆಂದು ಗೆರೆ ಎಳೆದ ಇಬ್ಬರನ್ನೇ ಕೊಟ್ಟರೂ 900 ಜನರು ಸಾಕು. ನಾಲ್ಕು ಲಕ್ಷ ನಲವತ್ತು ಸಾವಿರದಲ್ಲಿ ಒಂಬೈನೂರು! ಒಂದು ಮಧ್ಯಮ ಪ್ರಮಾಣದ ಪಂಚಕಲ್ಯಾಣ ಮಹೋತ್ಸವದ ಊಟದ ಪಂಕ್ತಿಗೆ ಅದಕ್ಕಿಂತ ಹೆಚ್ಚು ಜನ ಕೂರುತ್ತಾರೆ.

ಟ್ರಸ್ಟಿನ ಪದಾಧಿಕಾರಿಗಳು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ದೇವರಿಗೆ ಅರ್ಪಿಸಿದ ದ್ರವ್ಯ ನಿರ್ಮಾಲ್ಯ. ಅದನ್ನು ಬೇರೆ ಕಾರ್ಯಕ್ಕೆ ಬಳಸಿದರೆ ದೋಷ ಎಂದು. ಆಕ್ಷೇಪ ಸರಿಯಾದುದೇ, ಅದನ್ನು ಗೌರವಿಸಲೇಬೇಕು. ಆ ದ್ರವ್ಯವನ್ನು ಮುಟ್ಟುವುದೇ ಬೇಡ. ಔಷಧದಾನವೆಂದು ಪ್ರತ್ಯೇಕ ಖಾತೆ ತೆರೆಯಲಿ, ಪ್ರತ್ಯೇಕ ಪೆಟ್ಟಿಗೆ ಇಡಲಿ, ಪ್ರತ್ಯೇಕ ರಸೀದಿ ಹರಿಯಲಿ. ಔಷಧದಾನದ ಫಲವನ್ನು ವೃಷಭಸೇನೆಯ ಹೆಸರಿನಲ್ಲಿ ಹಾಡಿಹೊಗಳುವ ಸಮಾಜಕ್ಕೆ ಆ ಪೆಟ್ಟಿಗೆ ಅಪರಿಚಿತವಾಗಬಾರದು. ಹಾಗೆ ನೋಡಿದರೆ ಹಣದ ಕೊರತೆ ಎರಡನೆಯ ಮಾತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿಯಿದೆ, ಜೊತೆಯವನಿಗೆ ಶೇಕಡಾ 75. ರಾಣೆಬೆನ್ನೂರು ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗದ ಮೇಲೆಯೇ ಇದೆ. ಆದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ತರುವವರು ಯಾರು, ಪಡಿತರ ಚೀಟಿಯಲ್ಲಿನ ಹೆಸರಿನ ಅಕ್ಷರ ಆಧಾರ್ ಚೀಟಿಗೆ ಹೊಂದದಿದ್ದರೆ ತಿದ್ದಿಸುವವರು ಯಾರು, ರಿಯಾಯಿತಿಯ ನಮೂನೆಗೆ ವೈದ್ಯರ ಸಹಿ ಹಾಕಿಸಿಕೊಂಡು ಟಿಕೆಟ್ಟಿನ ಸಾಲಿನಲ್ಲಿ ನಿಲ್ಲುವವರು ಯಾರು? ರೋಗಿಯ ಹೆಂಡತಿ ಆ ಸಾಲಿನಲ್ಲಿ ನಿಂತರೆ ರೋಗಿಯ ಬಳಿ ಯಾರೂ ಇಲ್ಲ. ಭಗವತೀ ಆರಾಧನೆಯು ಹೆದರಿದ ದೋಷ ಸರಿಯಾಗಿ ಇಲ್ಲಿಯೇ ಸಂಭವಿಸುತ್ತದೆ.

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ಜೈನ ಮನೆಗಳು ಚದುರಿ ಹೋಗಿವೆ. ಒಂದೊಂದು ಊರಿನ ಸಮಾಜಕ್ಕೆ ಇದು ಭಾರವಾದೀತು. ಮೂರೂ ಪೇಟೆಗಳು ಕೂಡಿದರೆ ನವನಗರದ ಆಸ್ಪತ್ರೆಯ ಸಮೀಪದಲ್ಲಿ ಎರಡು ಕೋಣೆಯ ಒಂದು ಬಾಡಿಗೆ ಮನೆ ಕಷ್ಟವಲ್ಲ. ಅಲ್ಲಿ ಹಗಲಿನಲ್ಲಿಯೇ ಮೆತ್ತನೆಯ ಅಡಿಗೆ ಮಾಡಿಕೊಡಲು ಒಬ್ಬರು, ಕಾಗದಪತ್ರ ಬಲ್ಲವರೊಬ್ಬರು ಇರಲಿ. ವಾರದ ಸರದಿಯಂತೆ ಹೋಗಿ ಕೂರುವ ಇಬ್ಬಿಬ್ಬರ ಪಟ್ಟಿಯಿರಲಿ. ನಿವೃತ್ತ ನೌಕರರು ಈ ಊರುಗಳಲ್ಲಿ ಕಡಿಮೆಯಿಲ್ಲ, ಬೆಳಗಿನ ಪೂಜೆ ಮುಗಿದ ಮೇಲೆ ಅವರ ಹಗಲು ಉದ್ದವಾಗಿಯೇ ಇರುತ್ತದೆ. ಮನೆಯ ಬಾಗಿಲು ಐರಣಿಯ ಕುರುಬರ ರೋಗಿಗೂ ಮುಸಲ್ಮಾನರ ರೋಗಿಗೂ ತೆರೆದಿರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಜೀವಗಳು ಪರಸ್ಪರ ಉಪಕಾರಿಗಳೆಂಬ ಸೂತ್ರವನ್ನು ಮಹಾವೀರರ ನಿರ್ವಾಣದ 2500ನೆಯ ವರ್ಷದಲ್ಲಿ ಲಾಂಛನದ ಅಡಿಗೆ ಬರೆಯಿಸಿದಾಗ ಜೈನ ಜೀವಗಳು ಮಾತ್ರ ಎಂದು ಯಾರೂ ಸೇರಿಸಲಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಉಪಗೂಹನವೂ ಸಮ್ಯಗ್ದರ್ಶನದ ಅಂಗವೇ. ರೋಗಿಯ ಹೆಸರು ಸಭೆಯಲ್ಲಿ ಓದಲ್ಪಡಬಾರದು. ಬೋಳಾದ ತಲೆಯ ಪಕ್ಕದಲ್ಲಿ ಚೆಕ್ಕು ಹಿಡಿದು ನಿಂತ ದಾನಿಯ ಭಾವಚಿತ್ರವು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗಬಾರದು.

ಚಾತುರ್ಮಾಸದ ಮುನ್ನ ಬಸದಿಗಳ ಟ್ರಸ್ಟುಗಳು ಸಭೆ ಸೇರುತ್ತವೆ. ಬಣ್ಣ ಬಳಿಯುವುದು, ಕಲಶದ ಹರಾಜು, ಮೆರವಣಿಗೆಯ ದಾರಿ ಇತ್ಯಾದಿಗಳು ವಿಷಯಪಟ್ಟಿಯಲ್ಲಿ ಇದ್ದೇ ಇರುತ್ತವೆ. ಅದರ ಕೆಳಗೆ ಇನ್ನೊಂದು ವಿಷಯವನ್ನು ಬರೆಯಲು ಜಾಗವಿದೆ: ಈ ಊರಿನಲ್ಲಿ ಈಗ ಹಾಸಿಗೆ ಹಿಡಿದಿರುವವರು ಯಾರು, ಅವರ ಬಳಿ ಈ ವಾರ ಕೂರುವ ಇಬ್ಬರು ಯಾರು.